ಜೀಪಿನ ಸಿಬಿ ರೇಡಿಯೊ ದೂರ ಹೋಗುತ್ತಿಲ್ಲವೇ? ಆಂಟೆನಾ ಕತ್ತರಿಸುವ ಮುಂಚೆ ಅರ್ತಿಂಗ್ ನೋಡಿ

ಜೀಪಿಗೆ ಹೊಸದಾಗಿ ಸಿಬಿ ರೇಡಿಯೊ, ಅಂದರೆ ಗಾಡಿಯಿಂದ ಗಾಡಿಗೆ ಮಾತಾಡುವ ಸಿಟಿಜನ್ ಬ್ಯಾಂಡ್ ಸೆಟ್, ಹಾಕಿಸಿದವರ ದೂರು ಹೆಚ್ಚುಕಡಿಮೆ ಒಂದೇ ಇರುತ್ತದೆ. ಗಾಡಿಗಳು ಅಕ್ಕಪಕ್ಕ ನಿಂತಾಗ ಮಾತು ಗಂಟೆ ಹೊಡೆದಷ್ಟು ಸ್ಪಷ್ಟ. ಅರ್ಧ ಕಿಲೋಮೀಟರ್ ದಾಟಿದರೆ ಬರೀ ಸುಯ್ ಎನ್ನುವ ಸದ್ದು. ಕಲಬುರಗಿ ಸುತ್ತಲಿನ ಬಯಲು ನೆಲದಲ್ಲಿ ಹೀಗೆ ಆಗಬಾರದು. ಎರಡೂ ಗಾಡಿಯ ಆಂಟೆನಾ ಸರಿಯಿದ್ದರೆ ತೊಗರಿ ಹೊಲಗಳ ನಡುವಿನ ದಾರಿಯಲ್ಲಿ ನಾಲ್ಕೈದು ಕಿಲೋಮೀಟರ್ ಮಾತು ಆರಾಮಾಗಿ ಹೋಗಬೇಕು.

"ಅಣ್ಣಾ, ಸೆಟ್ಟೇ ಹೋಗ್ಯದ ಕಾಣಸ್ತದ" ಎಂದು ಹುಡುಗರು ಸೆಟ್ ಬಿಚ್ಚಿಕೊಂಡು ಬರುತ್ತಾರೆ. ಸೆಟ್ ಹೋಗಿರುವುದು ಅಪರೂಪ. ದೋಷ ಇರುವುದು ಹೆಚ್ಚಾಗಿ ಸೆಟ್ಟಿನ ಹಿಂದಿನ ಪ್ಲಗ್‌ನಿಂದ ಆಂಟೆನಾ ಬುಡದವರೆಗಿನ ಆ ಐದಾರು ಮೀಟರ್‌ನಲ್ಲಿ. ಅದರಲ್ಲೂ ಬುಡದ ಬ್ರಾಕೆಟ್ ಗಾಡಿಯ ಬಾಡಿಗೆ ಕೂಡುವ ಜಾಗದಲ್ಲಿ. ಆ ಕೂಡಿಕೆಯನ್ನೇ ಇಲ್ಲಿ ಅರ್ತಿಂಗ್ ಎನ್ನುತ್ತೇನೆ. ಇನ್ನೂ ಬೇಸರದ ವಿಷಯ ಅಂದರೆ ಆಂಟೆನಾ ಅಳೆಯುವ ಮೀಟರ್ ಸ್ವಲ್ಪ ಜಾಸ್ತಿ ತೋರಿಸಿದ ಕೂಡಲೇ ಕೆಲವರು ಆಂಟೆನಾದ ತುದಿ ಕತ್ತರಿಸಲು ಶುರು ಮಾಡುತ್ತಾರೆ. ಕತ್ತರಿಸಿದ್ದನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಆದ್ದರಿಂದ ಉದ್ದ ಹೊಂದಿಸುವ ಕೆಲಸವನ್ನು ಈ ಬರಹದಲ್ಲಿ ಬೇಕಂತಲೇ ಕೊನೆಯ ಹತ್ತಿರಕ್ಕೆ ಇಟ್ಟಿದ್ದೇನೆ. ಓದುವಾಗ ಅಲ್ಲಿಗೆ ಹಾರಬೇಡಿ.

ಮೊದಲು ಚಾನೆಲ್‌ಗಳ ಮಾತು

ಭಾರತದಲ್ಲಿ 2005ರ ನಿಯಮದ ಪ್ರಕಾರ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಸಿಟಿಜನ್ ಬ್ಯಾಂಡ್‌ಗೆ ಲೈಸೆನ್ಸ್ ಬೇಡ. ಹೊರಹೋಗುವ ಶಕ್ತಿ 5 ವ್ಯಾಟ್ ದಾಟಬಾರದು. ಸೆಟ್ ಅನುಮೋದನೆ ಪಡೆದದ್ದಾಗಿರಬೇಕು. ಕೊಳ್ಳುವಾಗಲೇ ಆ ಅನುಮೋದನೆಯ ಕಾಗದ ಕೇಳಿ, ನಿಯಮದ ಉಳಿದ ಷರತ್ತುಗಳನ್ನೂ ಓದಿಕೊಳ್ಳಿ.

ಈ ಅಂಕಿಗಳಿಗೂ ದೋಷ ಹುಡುಕುವುದಕ್ಕೂ ಸಂಬಂಧ ಇದೆ. ಹೊರದೇಶದ ಸೆಟ್‌ಗಳಲ್ಲಿ 40 ಚಾನೆಲ್ ಇರುತ್ತವೆ. 1ನೇ ಚಾನೆಲ್ 26.965, 27ನೇ ಚಾನೆಲ್ 27.275, 28ನೇ ಚಾನೆಲ್ 27.285. ಅಂದರೆ 28ರಿಂದ ಮೇಲಿನವೆಲ್ಲ ನಮ್ಮ ಗಡಿಯ ಆಚೆ. ಆಂಟೆನಾ ಜೊತೆ ಬರುವ ಚೀಟಿಯಲ್ಲಿ, ಉದ್ದ ಹೊಂದಿಸಲು "1, 20, 40ನೇ ಚಾನೆಲ್‌ನಲ್ಲಿ ಅಳೆಯಿರಿ" ಎಂದು ಬರೆದಿರುತ್ತದೆ. ಅದು ಅವರ ದೇಶದ ಲೆಕ್ಕ. ನಾವು ಅಳೆಯಬೇಕಾದದ್ದು 1, 14 ಮತ್ತು 27ರಲ್ಲಿ. 14ನೇ ಚಾನೆಲ್ 27.125, ಹೆಚ್ಚುಕಡಿಮೆ ನಮ್ಮ ಬ್ಯಾಂಡಿನ ನಟ್ಟನಡುವೆ ಬರುತ್ತದೆ. ಚೀಟಿ ನಂಬಿ 20ಕ್ಕೆ ಹೊಂದಿಸಿದರೆ 1ನೇ ಚಾನೆಲ್ ಕಡೆ ಸುಮ್ಸುಮ್ನೆ ಅಳತೆ ಕೆಡುತ್ತದೆ.

ಬಾಡಿಯೂ ಆಂಟೆನಾದ ಅರ್ಧ

27 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲುಭಾಗ, ಅಂದರೆ ಸುಮಾರು 2.75 ಮೀಟರ್ ಉದ್ದದ ಕಡ್ಡಿ ಇದ್ದರೆ ಅದು ತಾನಾಗಿ ಹೊಂದುತ್ತದೆ. ಅಷ್ಟುದ್ದದ ಕಡ್ಡಿ ಹೊತ್ತು ಜಾಲಿ ಪೊದೆಗಳ ನಡುವೆ ಹೋಗುವುದು ಕಷ್ಟ. ಅದಕ್ಕೇ ಫೈಬರ್ ಕಡ್ಡಿಯ ಮೇಲೆ ತಂತಿ ಸುತ್ತಿ, ನಾಲ್ಕು ಅಡಿಯಲ್ಲೇ ಕೆಲಸ ಮುಗಿಸುತ್ತಾರೆ.

ಆದರೆ ಕಡ್ಡಿ ಅರ್ಧ ಆಂಟೆನಾ ಮಾತ್ರ. ಉಳಿದರ್ಧ ಗಾಡಿಯ ಲೋಹದ ಬಾಡಿ. ಬಾಡಿಗೆ ಸರಿಯಾಗಿ ಕೂಡದ ಆಂಟೆನಾ ಇಟ್ಟುಕೊಂಡು ಮಾತಾಡುವುದು ಜೋಡೆತ್ತಿನ ನೊಗಕ್ಕೆ ಒಂದೇ ಎತ್ತು ಕಟ್ಟಿ ಗಳೆ ಹೊಡೆದ ಹಾಗೆ. ಇದು ತಲೆಯಲ್ಲಿ ಕುಳಿತರೆ ಮುಂದಿನ ಪರೀಕ್ಷೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಬೇಕಾಗುವ ಸಾಮಾನು

ಒಂದು ಮಲ್ಟಿಮೀಟರ್, ಒಂದು ಎಸ್‌ಡಬ್ಲ್ಯುಆರ್ ಮೀಟರ್, ಎರಡೂ ತುದಿಗೆ ಪಿಎಲ್-259 ಪ್ಲಗ್ (ಸೆಟ್ಟಿನ ಹಿಂದೆ ಕೂರುವ ಆಂಟೆನಾ ಪ್ಲಗ್) ಇರುವ ಮೊಳದುದ್ದದ 50 ಓಮ್ ಕೇಬಲ್, ಮತ್ತೆ ಒಂದು ಡಮ್ಮಿ ಲೋಡ್, ಅಂದರೆ ಆಂಟೆನಾ ಬದಲಿಗೆ ಹಾಕಿದಾಗ ಸೆಟ್ಟಿನ ಶಕ್ತಿಯನ್ನು ತಾನೇ ನುಂಗುವ ರೆಸಿಸ್ಟರ್. ಎಸ್‌ಡಬ್ಲ್ಯುಆರ್ ಮೀಟರ್ ಅಂದರೆ ಕಳಿಸಿದ ಶಕ್ತಿಯಲ್ಲಿ ಎಷ್ಟು ಆಂಟೆನಾದಿಂದ ವಾಪಸ್ ಬರುತ್ತಿದೆ ಎಂದು ತೋರಿಸುವ ಮೀಟರ್. ಓದು 1.5 ಇದ್ದರೆ ನೂರರಲ್ಲಿ 4 ಪಾಲು ವಾಪಸ್. 2 ಇದ್ದರೆ 11 ಪಾಲು. 3 ಇದ್ದರೆ 25 ಪಾಲು. 1.5ರ ಒಳಗಿದ್ದರೆ ತುಂಬಾ ಚೆನ್ನ, 2ರವರೆಗೆ ನಡೆಯುತ್ತದೆ. 3 ದಾಟಿದರೆ ಮೈಕ್ ಗುಂಡಿ ಒತ್ತುವುದನ್ನು ಅಲ್ಲಿಗೇ ನಿಲ್ಲಿಸಿ. ವಾಪಸ್ ಬಂದ ಶಕ್ತಿ ಸೆಟ್ಟಿನ ಕೊನೆಯ ಟ್ರಾನ್ಸಿಸ್ಟರ್ ಅನ್ನು ಸುಡಬಹುದು. ಆಂಟೆನಾ ಇಲ್ಲದೆ ಒತ್ತುವುದಂತೂ ಬೇಡವೇ ಬೇಡ.

ಡಮ್ಮಿ ಲೋಡ್ ಅನ್ನು ಮನೆಯಲ್ಲೇ ಮಾಡಬಹುದು. ಟಿವಿ ರಿಪೇರಿ ಅಂಗಡಿಯಲ್ಲಿ 220 ಓಮ್, 2 ವ್ಯಾಟ್‌ನ ನಾಲ್ಕು ಕಾರ್ಬನ್ ಫಿಲ್ಮ್ ರೆಸಿಸ್ಟರ್ ಕೇಳಿ. ನಾಲ್ಕನ್ನೂ ಅಕ್ಕಪಕ್ಕ ಪ್ಯಾರಲಲ್ ಆಗಿ ಜೋಡಿಸಿದರೆ 55 ಓಮ್, 8 ವ್ಯಾಟ್ ಆಗುತ್ತದೆ. ಒಂದು ಬದಿಯನ್ನು ಪ್ಲಗ್‌ನ ಪಿನ್‌ಗೆ, ಇನ್ನೊಂದನ್ನು ಹೊರಕವಚಕ್ಕೆ ಬೆಸುಗೆ ಹಾಕಿ. ಕಾಲುಗಳು ಆದಷ್ಟು ಗಿಡ್ಡ ಇರಲಿ. ವೈರ್‌ವೌಂಡ್ ರೆಸಿಸ್ಟರ್ ತರಬೇಡಿ, ಅದರೊಳಗೆ ಇರುವುದು ಸುರುಳಿ ತಂತಿ, ಈ ಅಲೆಗೆ ಅದು ಬೇರೆಯೇ ಆಗಿ ಕಾಣುತ್ತದೆ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಜಾಸ್ತಿ ಒತ್ತದೆ, ನಡುವೆ ತಣಿಯಲು ಬಿಟ್ಟರೆ ಸಾಕು. ಈ ಪುಟ್ಟ ವಸ್ತುವಿನಷ್ಟು ಉಪಕಾರ ಮಾಡುವುದು ಬೇರೆ ಯಾವುದೂ ಇಲ್ಲ. ದೋಷ ಸೆಟ್ಟಿನದೋ, ಕೇಬಲಿನದೋ, ಆಂಟೆನಾದ್ದೋ ಎಂಬ ಜಗಳವನ್ನು ಇದು ಐದು ನಿಮಿಷದಲ್ಲಿ ತೀರಿಸುತ್ತದೆ.

ಕಿವಿಯಿಂದ ಶುರು ಮಾಡಿ

ಇದಕ್ಕೆ ಯಾವ ಮೀಟರೂ ಬೇಡ. ಇಂಜಿನ್ ಬಂದ್ ಮಾಡಿ. ಸೆಟ್ ಹಚ್ಚಿ, ಸ್ಕ್ವೆಲ್ಚ್ (ಸುಯ್ ಸದ್ದನ್ನು ತಡೆಯುವ ತಿರುಪು) ಪೂರ್ತಿ ತೆರೆಯಿರಿ. ಸುಯ್ ಎನ್ನುವ ಸದ್ದು ಬರುತ್ತದೆ. ಈಗ ಸೆಟ್ ಹಿಂದಿನ ಆಂಟೆನಾ ಪ್ಲಗ್ ಬಿಚ್ಚಿ ಎಳೆಯಿರಿ. ಸದ್ದು ಎದ್ದುಕಾಣುವಷ್ಟು ಇಳಿಯಬೇಕು. ಮತ್ತೆ ಹಾಕಿದರೆ ಏರಬೇಕು. ಹಾಕಿದರೂ ತೆಗೆದರೂ ಸದ್ದು ಒಂದೇ ಇದ್ದರೆ ಸೆಟ್ಟಿಗೆ ಆಂಟೆನಾ ಸಿಕ್ಕೇ ಇಲ್ಲ ಎಂದರ್ಥ. ಎಲ್ಲೋ ತಂತಿ ಕಡಿದಿದೆ ಅಥವಾ ಶಾರ್ಟ್ ಆಗಿದೆ. ಪ್ಲಗ್ ಕೈಯಲ್ಲಿರುವಾಗ ಮೈಕ್ ಗುಂಡಿಗೆ ಕೈ ತಾಗದಂತೆ ನೋಡಿಕೊಳ್ಳಿ.

ಹಗಲಿನಲ್ಲಿ ಕೆಲವೊಮ್ಮೆ ಎಲ್ಲಿಂದಲೋ ಬೇರೆ ದೇಶದ ಮಾತು ಕೇಳಿಸಿ ನಮ್ಮವರ ಮಾತನ್ನು ಮುಚ್ಚಿಬಿಡುತ್ತದೆ. ಅದು ದೋಷ ಅಲ್ಲ. ಸೂರ್ಯನ ಚಟುವಟಿಕೆ ಜೋರಾಗಿರುವ ವರ್ಷಗಳಲ್ಲಿ ಈ ಅಲೆಗಳು ಮೇಲಿನ ವಾತಾವರಣಕ್ಕೆ ತಾಗಿ ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಚಾನೆಲ್ ಬದಲಿಸಿ ನೋಡಿ. ಹಾಗೆಯೇ ಚಿಂಚೋಳಿ ಕಡೆಯ ಏರಿಳಿತದಲ್ಲೋ ಶಹಾಪುರದ ಕಲ್ಲುಗುಡ್ಡಗಳ ಮಗ್ಗುಲಲ್ಲೋ ನಡುವೆ ಗುಡ್ಡ ಬಂದಾಗ ಮಾತು ಕಡಿದರೆ ಅದಕ್ಕೂ ಆಂಟೆನಾ ಹೊಣೆಯಲ್ಲ. ಬಯಲಲ್ಲೂ ಕಡಿದರೆ ಮಾತ್ರ ಮುಂದೆ ಓದಿ.

ಮಲ್ಟಿಮೀಟರ್‌ನಿಂದ ಮೂರು ಅಳತೆ

ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಓಮ್ಸ್ ನೋಡಿ. ಅಗ್ಗದ ಮೀಟರ್‌ಗಳಲ್ಲಿ ಅದೇ ಅರ್ಧ ಓಮ್ ತೋರಿಸಬಹುದು. ಅದನ್ನು ಕಳೆದು ಲೆಕ್ಕ ಹಿಡಿಯಿರಿ.

ಸೆಟ್ಟಿನಿಂದ ಕೇಬಲ್ ಬಿಚ್ಚಿ. ಪ್ಲಗ್‌ನ ನಡುಪಿನ್‌ನಿಂದ ಆಂಟೆನಾ ಕೂರುವ ಸ್ಟಡ್‌ಗೆ ಅಳೆಯಿರಿ. ಸೊನ್ನೆಯ ಹತ್ತಿರ ಬರಬೇಕು. ಬರದಿದ್ದರೆ ನಡುತಂತಿ ಕಡಿದಿದೆ, ಹೆಚ್ಚಾಗಿ ಪ್ಲಗ್‌ನ ಬಾಯಲ್ಲೇ.

ಆಮೇಲೆ ಆಂಟೆನಾ ಕಡ್ಡಿ ಬಿಚ್ಚಿಟ್ಟು, ನಡುಪಿನ್‌ನಿಂದ ಪ್ಲಗ್‌ನ ಹೊರಕವಚಕ್ಕೆ ಅಳೆಯಿರಿ. ಮೀಟರ್ ಏನೂ ತೋರಿಸಬಾರದು. ಸೊನ್ನೆ ತೋರಿಸಿದರೆ ಶಾರ್ಟ್. ಈಗ ಬುಡದ ಸ್ಟಡ್ ಬಿಚ್ಚಿ ನೋಡಿ. ಸ್ಟಡ್ ಮತ್ತು ಬ್ರಾಕೆಟ್ ನಡುವೆ ಒಂದು ನೈಲಾನ್ ವಾಷರ್ ಇರುತ್ತದೆ, ಅದಕ್ಕೊಂದು ಮೆಟ್ಟಿಲಿನಂಥ ಗಂಟಲು ಇರುತ್ತದೆ. ಆ ಗಂಟಲು ಬ್ರಾಕೆಟ್ಟಿನ ತೂತಿನೊಳಗೆ ಕೂರಬೇಕು. ವಾಷರ್ ತಲೆಕೆಳಗಾದರೆ, ಒಡೆದರೆ, ಇಲ್ಲಾ ಎಲ್ಲ ವಾಷರ್‌ಗಳನ್ನೂ ಒಂದೇ ಬದಿಗೆ ಪೋಣಿಸಿದ್ದರೆ ಸ್ಟಡ್ ನೇರವಾಗಿ ಬಾಡಿಗೆ ತಾಗುತ್ತದೆ. ಹೊಸದಾಗಿ ಕೂರಿಸಿದ ಆಂಟೆನಾದಲ್ಲಿ ಶಾರ್ಟ್ ಕಂಡರೆ ನಾನು ಮೊದಲು ಕೈಹಾಕುವ ಜಾಗವೇ ಇದು. ಪಾನಾದಿಂದ ಜೋರಾಗಿ ಬಿಗಿದಾಗ ನೈಲಾನ್ ಸೀಳುವುದೂ ಉಂಟು. ಹೊರಗಿನಿಂದ ಕಾಣುವುದಿಲ್ಲ, ಬಿಚ್ಚಿಯೇ ನೋಡಬೇಕು.

ಒಂದು ಮಾತು ನೆನಪಿಡಿ. ಕೆಲವು ಆಂಟೆನಾಗಳ ಬುಡದ ಸುರುಳಿಯೇ ಅರ್ತ್‌ಗೆ ಕೂಡಿರುತ್ತದೆ. ಅಂಥದ್ದರಲ್ಲಿ ಮಲ್ಟಿಮೀಟರ್ ಸೊನ್ನೆ ತೋರಿಸುವುದು ಸಹಜ. ಅಂಥ ಆಂಟೆನಾದ ಕೇಬಲನ್ನು ಬುಡದಲ್ಲೂ ಬಿಚ್ಚಿ, ಕೇಬಲ್ ಮಾತ್ರ ಅಳೆಯಿರಿ.

ಮೂರನೆಯದು, ಪ್ಲಗ್‌ನ ಹೊರಕವಚದಿಂದ ಗಾಡಿಯ ಬಾಡಿಗೆ. ಬೋಲ್ಟ್ ಹಾಕಿ ಕೂರಿಸಿದ ಆಂಟೆನಾ ಆದರೆ ಸೊನ್ನೆಯ ಹತ್ತಿರ ಬರಬೇಕು. ಮೀಟರ್ ಕಡ್ಡಿಯನ್ನು ಪೇಂಟ್ ಮೇಲೆ ಒತ್ತಿದರೆ ಏನೂ ತೋರಿಸುವುದಿಲ್ಲ, ಬರಿಲೋಹ ಸಿಗುವ ಬೋಲ್ಟ್ ಹುಡುಕಿ. ಮ್ಯಾಗ್ನೆಟ್ ಬುಡದ ಆಂಟೆನಾ ಆದರೆ ಇಲ್ಲಿ ಏನೂ ತೋರಿಸದಿದ್ದರೂ ಚಿಂತೆಯಿಲ್ಲ. ಅದು ಪೇಂಟಿನ ಮೂಲಕವೇ ಬಾಡಿಯನ್ನು ಬಳಸಿಕೊಳ್ಳುತ್ತದೆ. ಆದರೆ ಕೆಳಗೆ ಉಕ್ಕಿನ ತಗಡು ಇರಲೇಬೇಕು. ಫೈಬರ್ ಟಾಪ್ ಮೇಲೆ ಅದು ಹೇಗೋ ನಿಂತರೂ ಕೆಲಸ ಮಾಡುವುದಿಲ್ಲ.

ಅರ್ತಿಂಗ್: ನಿಧಾನವಾಗಿ ನೋಡಬೇಕಾದ ಜಾಗ

ಆಫ್‌ರೋಡ್ ಗಾಡಿಗಳಲ್ಲಿ ಆಂಟೆನಾ ಕೂರಿಸಲು ಎಲ್ಲರಿಗೂ ಸಿಗುವುದು ಮೂರು ಜಾಗ: ಮುಂದಿನ ಬಂಪರ್, ಹಿಂದಿನ ಸ್ಟೆಪ್ನಿ ಹಿಡಿಕೆ, ಮೇಲಿನ ಕ್ಯಾರಿಯರ್. ಮೂರಕ್ಕೂ ಪೌಡರ್ ಕೋಟಿಂಗ್ ಇರುತ್ತದೆ. ಪೌಡರ್ ಕೋಟಿಂಗ್ ಅಂದರೆ ಬೇಯಿಸಿದ ಪ್ಲಾಸ್ಟಿಕ್ಕೇ, ಕರೆಂಟ್ ದಾಟುವುದಿಲ್ಲ. ಬೋಲ್ಟ್ ಕೂರುವ ಕಡೆ ಎಮರಿ ಪೇಪರ್‌ನಿಂದ ಉಜ್ಜಿ ಬರಿಲೋಹ ತೆಗೆಯಿರಿ. ಹಲ್ಲು ಇರುವ ಸ್ಟಾರ್ ವಾಷರ್ ಹಾಕಿ ಬಿಗಿಯಿರಿ. ಬಿಗಿದ ಮೇಲೆ ಸುತ್ತ ಗ್ರೀಸ್ ಅಥವಾ ಪೇಂಟ್ ಹಚ್ಚಿ ಮುಚ್ಚಿ.

ಸ್ಟೆಪ್ನಿ ಹಿಡಿಕೆ ಇರುವುದು ತೆರೆಯುವ ಬಾಗಿಲಿನ ಮೇಲೆ. ಬಾಗಿಲನ್ನು ಬಾಡಿಗೆ ಕೂಡಿಸುವುದು ಹಿಂಜ್ ಮಾತ್ರ. ಹಿಂಜ್‌ನಲ್ಲಿ ಗ್ರೀಸು, ಧೂಳು, ನೈಲಾನ್ ಬುಷ್. ಗಾಡಿ ನಿಂತಾಗ ಅಳೆದರೆ ಸೊನ್ನೆ ಬರಬಹುದು, ಅಲುಗಿದಾಗ ಹೋಗಬಹುದು. ಬಾನೆಟ್ ಬದಿಗೆ ಕೂರಿಸಿದ ಬ್ರಾಕೆಟ್ಟಿನ ಕಥೆಯೂ ಇದೇ.

ಇಲ್ಲಿ ಬಹಳ ಜನ ಎಡವುತ್ತಾರೆ. ಮಲ್ಟಿಮೀಟರ್ ಸೊನ್ನೆ ತೋರಿಸಿತು, ಅರ್ತಿಂಗ್ ಸರಿಯಿದೆ ಎಂದು ಮುಂದೆ ಹೋಗುತ್ತಾರೆ. ಮಲ್ಟಿಮೀಟರ್ ಅಳೆಯುವುದು ಬ್ಯಾಟರಿಯ ನೇರ ಕರೆಂಟಿನ ದಾರಿಯನ್ನು. ರೇಡಿಯೊ ಕಳಿಸುವುದು ಸೆಕೆಂಡಿಗೆ 2.7 ಕೋಟಿ ಸಲ ಹಿಂದಕ್ಕೂ ಮುಂದಕ್ಕೂ ಹೋಗಿಬರುವ ಕರೆಂಟನ್ನು. ಹಾರ್ನ್‌ಗೆ ಹಾಕುವಂಥ ಒಂದು ಮೀಟರ್ ತೆಳು ವಯರ್ ಮೂಲಕ ಅರ್ತ್ ಕೊಟ್ಟರೆ ಮಲ್ಟಿಮೀಟರ್‌ಗೆ ಅದು ಸೊನ್ನೆ. ರೇಡಿಯೊಗೆ ಅದೇ ವಯರ್ ನೂರಕ್ಕೂ ಜಾಸ್ತಿ ಓಮ್‌ನ ಅಡ್ಡಿ. ಇಡೀ ಆಂಟೆನಾ ವ್ಯವಸ್ಥೆಯೇ 50 ಓಮ್‌ನದು, ಅಲ್ವಾ? ಹಾಗಿದ್ದಾಗ ಅಂಥ ಅರ್ತ್ ಇದ್ದೂ ಇಲ್ಲದಂತೆ. ಅದಕ್ಕೇ ಅರ್ತ್ ಪಟ್ಟಿ ಗಿಡ್ಡ ಇರಬೇಕು, ಅಗಲ ಇರಬೇಕು. ಇಂಜಿನ್‌ನಿಂದ ಚಾಸಿಗೆ ಹಾಕುವ ಹೆಣೆದ ತಾಮ್ರದ ಚಪ್ಪಟೆ ಪಟ್ಟಿ ಆಟೊಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಒಂದು ಗೇಣು ಉದ್ದಕ್ಕೆ ತೆಗೆದುಕೊಂಡು ಬ್ರಾಕೆಟ್ಟಿನಿಂದ ಬಾಡಿಗೆ, ಬಾಗಿಲಿನಿಂದ ಬಾಡಿಗೆ ಹಾಕಿ.

ದೋಷ ಅರ್ತಿಂಗ್‌ನದೇ ಎಂದು ಖಚಿತ ಮಾಡಿಕೊಳ್ಳುವ ಬಗೆ ಹೀಗಿದೆ. ಮೈಕಿನ ವಯರ್ ಹಿಡಿದಾಗ, ಸೆಟ್ ಮುಟ್ಟಿದಾಗ, ಸೀಟಿನ ಕೆಳಗಿನ ಕೇಬಲ್ ಸರಿಸಿದಾಗ ಎಸ್‌ಡಬ್ಲ್ಯುಆರ್ ಓದು ಬದಲಾಗುತ್ತದಾ ನೋಡಿ. ಬದಲಾದರೆ ಬಾಡಿಗೆ ಹೋಗಬೇಕಾದ ಕರೆಂಟ್ ಕೇಬಲ್‌ನ ಹೊರಮೈ ಮೇಲೆ ವಾಪಸ್ ಬರುತ್ತಿದೆ. "ಕೇಬಲ್ ಇಷ್ಟೇ ಅಡಿ ಇರಬೇಕು, ಇಲ್ಲಾಂದ್ರೆ ಮೀಟರ್ ಸರಿ ಬರಲ್ಲ" ಎಂಬ ಮಾತು ಹುಟ್ಟಿದ್ದು ಇಂಥ ಗಾಡಿಗಳಿಂದಲೇ. ಅರ್ತಿಂಗ್ ಸರಿಯಿದ್ದ ಗಾಡಿಯಲ್ಲಿ ಕೇಬಲ್ ಒಂದಡಿ ಹೆಚ್ಚುಕಡಿಮೆ ಆದರೆ ಓದು ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಬಾಡಿ ಅರ್ತ್ ಬೇಡದ ವಿಶೇಷ ಆಂಟೆನಾಗಳು ಮಾತ್ರ ಇದಕ್ಕೆ ಹೊರತು. ಅವುಗಳ ಜೊತೆ ಕೊಟ್ಟ ಕೇಬಲನ್ನೇ, ಕೊಟ್ಟ ಉದ್ದಕ್ಕೇ ಬಳಸಬೇಕು.

ನಮ್ಮ ಕಡೆ ಅರ್ತಿಂಗ್ ಒಮ್ಮೆ ಸರಿ ಮಾಡಿದರೆ ಮುಗಿಯಿತು ಎನ್ನುವಂತಿಲ್ಲ. ಕಲಬುರಗಿ, ಯಾದಗಿರಿಯ ಎರೆಮಣ್ಣು ಮಳೆಗಾಲದಲ್ಲಿ ಬಂಪರ್ ಕೆಳಗೆ ಗಟ್ಟಿಯಾಗಿ ಹಿಡಿಯುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಪಸೆ ಉಳಿದಿರುತ್ತದೆ. ಬ್ರಾಕೆಟ್ಟಿನ ಹಿಂದೆ ತುಕ್ಕು ಶುರುವಾಗುವುದು ಅಲ್ಲಿಂದ. ವಾಡಿ, ಸೇಡಂ ಕಡೆ ಸಿಮೆಂಟ್ ಧೂಳಿನ ದಾರಿಯಲ್ಲಿ ಓಡಾಡುವ ಗಾಡಿಗಳ ಅಲ್ಯುಮಿನಿಯಂ ಬ್ರಾಕೆಟ್ ಮೇಲೆ ಬಿಳಿ ಪುಡಿ ಏಳುತ್ತದಾ ನೋಡಿ. ನೆನೆದ ಸಿಮೆಂಟಿನ ಕ್ಷಾರ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ. ಬೀದರಿನ ಕೆಂಪು ಧೂಳು ಇಷ್ಟು ಹಟಮಾರಿಯಲ್ಲ, ನೀರು ಹೊಡೆದರೆ ಹೋಗುತ್ತದೆ. ಆದರೂ ಮಳೆಗಾಲ ಮುಗಿದ ಮೇಲೆ ಒಮ್ಮೆ ಬ್ರಾಕೆಟ್ ಬಿಚ್ಚಿ, ಉಜ್ಜಿ, ಮತ್ತೆ ಕೂರಿಸುವುದು ಒಳ್ಳೆಯದು.

ಡಮ್ಮಿ ಲೋಡ್‌ನಿಂದ ದೋಷದ ಜಾಗವನ್ನು ಅರ್ಧಕ್ಕೆ ಇಳಿಸುವುದು

ಸೆಟ್, ಗಿಡ್ಡ ಕೇಬಲ್, ಎಸ್‌ಡಬ್ಲ್ಯುಆರ್ ಮೀಟರ್, ಡಮ್ಮಿ ಲೋಡ್, ಹೀಗೆ ಸಾಲಾಗಿ ಜೋಡಿಸಿ. ಓದು 1.1ರ ಆಸುಪಾಸು ಬಂದರೆ ಸೆಟ್, ಗಿಡ್ಡ ಕೇಬಲ್, ಮೀಟರ್ ಮೂರೂ ಸರಿ. ಈಗ ಮೀಟರ್ ಆದಮೇಲೆ ಗಾಡಿಯ ಕೇಬಲ್ ಹಾಕಿ, ಅದರ ಆಂಟೆನಾ ತುದಿಗೆ ಡಮ್ಮಿ ಲೋಡ್ ಕೂರಿಸಿ. ಓದು ಹಾಗೇ ಇದ್ದರೆ ದೋಷ ಆಂಟೆನಾ, ಬುಡ ಅಥವಾ ಅರ್ತಿಂಗ್‌ನದು. ಓದು ಏರಿದರೆ ಕೇಬಲ್ ಕೆಟ್ಟಿದೆ ಅಥವಾ ತಪ್ಪು ಕೇಬಲ್ ಹಾಕಿದೆ.

ತಪ್ಪು ಕೇಬಲ್ ಅಂದರೆ ಹೆಚ್ಚಾಗಿ ಡಿಶ್ ಟಿವಿ ಕೇಬಲ್. ಮನೆಯಲ್ಲಿ ಉಳಿದಿರುತ್ತದೆ, ನೋಡಲು ಹಾಗೇ ಇರುತ್ತದೆ, ಹಾಕಿಬಿಡುತ್ತಾರೆ. ಅದು 75 ಓಮ್‌ನದು. ಅದರ ಅಲ್ಯುಮಿನಿಯಂ ಜಾಲರಿಗೆ ಬೆಸುಗೆಯೂ ಹಿಡಿಯುವುದಿಲ್ಲ. ಕೇಬಲಿನ ಮೈಮೇಲೆ ಆರ್‌ಜಿ-58 ಅಥವಾ ಆರ್‌ಜಿ-8ಎಕ್ಸ್ ಎಂದು ಅಚ್ಚಾಗಿರುವುದನ್ನು ನೋಡಿ ತನ್ನಿ. ಆರ್‌ಜಿ-6, ಆರ್‌ಜಿ-59 ಬೇಡ. ಐದು ಮೀಟರ್ ಆರ್‌ಜಿ-58ರಲ್ಲಿ ಈ ಅಲೆ ಕಳೆದುಕೊಳ್ಳುವ ಶಕ್ತಿ ಹತ್ತರಲ್ಲಿ ಒಂದು ಪಾಲಿನಷ್ಟು. ಆದ್ದರಿಂದ ದಪ್ಪ, ದುಬಾರಿ ಕೇಬಲಿನ ಹಿಂದೆ ಬೀಳುವ ಅಗತ್ಯ ನನಗಂತೂ ಕಾಣುವುದಿಲ್ಲ.

ಕೇಬಲ್ ಕೆಡುವ ಜಾಗಗಳು ಗೊತ್ತಿರುವಂಥವೇ. ಬಾಗಿಲಿನ ಸಂದಿಯಲ್ಲಿ ಒತ್ತಿಸಿಕೊಂಡು ಚಪ್ಪಟೆಯಾದ ಕಡೆ. ತಗಡಿನ ತೂತಿನ ಅಂಚಿನಲ್ಲಿ ರಬ್ಬರ್ ಬುಷ್ ಇಲ್ಲದೆ ಉಜ್ಜಿದ ಕಡೆ. ಸೈಲೆನ್ಸರ್ ಪಕ್ಕದಲ್ಲಿ ಹಾದ ಕಡೆ. ಹೊರಗಿನ ಬಿಸಿಲೇ 43, 44 ಡಿಗ್ರಿ ಮುಟ್ಟುವ ಮೇ ತಿಂಗಳಲ್ಲಿ ಇದು ಇನ್ನೂ ಜಾಸ್ತಿ. ಕೇಬಲ್ ಒಳಗಿನ ಪಾಲಿಥಿನ್ ಮೆತ್ತಗಾದಾಗ ಬಾಗಿದ ಕಡೆ ನಡುತಂತಿ ನಿಧಾನವಾಗಿ ಒಂದು ಬದಿಗೆ ಸರಿಯುತ್ತದೆ. ಕೊನೆಗೆ ಜಾಲರಿಗೆ ತಾಗುತ್ತದೆ. ಬೆಳಿಗ್ಗೆ ಸರಿ, ಮಧ್ಯಾಹ್ನ ಕೆಟ್ಟಿತು ಎನ್ನುವ ದೂರಿಗೆ ಇದೂ ಒಂದು ಕಾರಣ. ಕೇಬಲ್ ತಿರುಗಿಸುವಾಗ ಕನಿಷ್ಠ ಒಂದು ಅಂಗೈ ಅಗಲದ ಸುತ್ತು ಇರಲಿ. ಉಳಿದ ಕೇಬಲನ್ನು ಬಿಗಿ ಸುರುಳಿ ಮಾಡಿ ಟೈ ಹಾಕಬೇಡಿ, ಸೀಟಿನ ಕೆಳಗೆ ಸಡಿಲವಾಗಿ ಹಾಸಿ.

ಪ್ಲಗ್ ಬೆಸುಗೆಯಲ್ಲಿ ಎರಡು ತಪ್ಪು ಸಾಮಾನ್ಯ. ಜಾಲರಿಯ ಒಂದೇ ಒಂದು ಎಳೆ ಒಳಗೆ ನುಸುಳಿ ನಡುತಂತಿಗೆ ತಾಗುವುದು ಒಂದು. ಮೊಬೈಲ್ ರಿಪೇರಿಯ 25 ವ್ಯಾಟ್ ಐರನ್‌ನಿಂದ ಬೆಸುಗೆ ಹಾಕಲು ಹೋಗುವುದು ಇನ್ನೊಂದು. ಪ್ಲಗ್‌ನ ಮೈ ದಪ್ಪ, ಸಣ್ಣ ಐರನ್‌ಗೆ ಅದು ಕಾಯುವುದಿಲ್ಲ. ಕಾಯಲಿ ಎಂದು ಬಹಳ ಹೊತ್ತು ಹಿಡಿದರೆ ಒಳಗಿನ ಪಾಲಿಥಿನ್ ಕರಗುತ್ತದೆ. 60ರಿಂದ 100 ವ್ಯಾಟ್ ಐರನ್ ಬಳಸಿ, ಬೇಗ ಮುಗಿಸಿ.

ಈಗ ಎಸ್‌ಡಬ್ಲ್ಯುಆರ್ ಮೀಟರನ್ನೂ ಏಮಾರಿಸುವ ದೋಷವೊಂದನ್ನು ಹೇಳಬೇಕು. ಕೇಬಲ್ ಒಳಗೆ ನೀರು ಇಳಿದಿದ್ದರೆ ಮೀಟರ್ ಕೆಟ್ಟ ಓದು ತೋರಿಸುವ ಬದಲು ಒಳ್ಳೆಯ ಓದನ್ನೇ ತೋರಿಸಬಹುದು. ನೆನೆದ ಕೇಬಲ್ ಹೋಗುವ ಶಕ್ತಿಯನ್ನೂ ನುಂಗುತ್ತದೆ, ವಾಪಸ್ ಬರುವುದನ್ನೂ ನುಂಗುತ್ತದೆ. ಮೀಟರ್‌ವರೆಗೆ ಬರುವುದು ಕಡಿಮೆಯಾದ್ದರಿಂದ ಓದು ಚೆಂದ ಕಾಣುತ್ತದೆ. ಮಾತು ಮಾತ್ರ ದೂರ ಹೋಗುವುದಿಲ್ಲ. ಎಲ್ಲ ಸರಿಯಿದೆ, ಆದರೂ ದೂರ ಇಲ್ಲ ಎಂದಾಗ ಆಂಟೆನಾ ತುದಿಯಲ್ಲಿ ಕೇಬಲಿನ ಹೊರ ರಬ್ಬರನ್ನು ಬೆರಳುದ್ದ ಸೀಳಿ ನೋಡಿ. ಜಾಲರಿ ಹೊಳೆಯುವ ತಾಮ್ರದ ಅಥವಾ ಬೆಳ್ಳಿಯ ಬಣ್ಣದಲ್ಲಿದ್ದರೆ ಸರಿ. ಕಪ್ಪಾಗಿದ್ದರೆ, ಹಸಿರು ಹಿಡಿದಿದ್ದರೆ ಇಡೀ ಕೇಬಲ್ ಬದಲಿಸಿ. ಒಣಗಿಸಿ ಬಳಸಲು ಹೋಗಬೇಡಿ, ತಾಮ್ರ ಆಗಲೇ ಹಾಳಾಗಿರುತ್ತದೆ. ಹೊಸ ಕೇಬಲಿನ ಆಂಟೆನಾ ತುದಿಗೆ ತನ್ನಷ್ಟಕ್ಕೆ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಮೇಲೆ ಕರೆಂಟಿನ ಟೇಪ್ ಹಾಕಿ. ಬುಡಕ್ಕೆ ಬರುವ ಮುಂಚೆ ಕೇಬಲ್ ಒಂದು ಸಲ ಕೆಳಕ್ಕೆ ಜೋತು ಮೇಲೆ ಬರುವಂತೆ ಬಿಡಿ. ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಉದ್ದ ಹೊಂದಿಸುವುದು

ಅರ್ತಿಂಗ್, ಕೇಬಲ್ ಎರಡೂ ಪಾಸಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಗಾಡಿಯನ್ನು ಬಯಲಿಗೆ ಒಯ್ಯಿರಿ. ಪತ್ರಾ ಶೆಡ್ಡಿನೊಳಗೆ, ಗೋಡೆ ಪಕ್ಕದಲ್ಲಿ, ಇನ್ನೊಂದು ಜೀಪಿನ ಮಗ್ಗುಲಲ್ಲಿ ಅಳೆದರೆ ಓದು ಸುಳ್ಳಾಗುತ್ತದೆ. ಸುತ್ತ ಹತ್ತು ಹನ್ನೆರಡು ಮೀಟರ್ ಖಾಲಿ ಇರಲಿ. ತಲೆ ಮೇಲೆ ಕರೆಂಟಿನ ತಂತಿ ಇರಬಾರದು. ಬಾಗಿಲು, ಬಾನೆಟ್ ಮುಚ್ಚಿ. ಆಂಟೆನಾ ಹತ್ತಿರ ಯಾರೂ ನಿಲ್ಲಬಾರದು. ಚಾನೆಲ್‌ನಲ್ಲಿ ಬೇರೆ ಯಾರಾದರೂ ಮಾತಾಡುತ್ತಿದ್ದಾರಾ ಎಂದು ಕೇಳಿಸಿಕೊಂಡು ಆಮೇಲೆ ಒತ್ತಿ.

ಪ್ರತಿ ಚಾನೆಲ್‌ನಲ್ಲೂ ಮೀಟರನ್ನು ಮುಂದಿನ ಶಕ್ತಿಗೆ (ಹೊರಹೋಗುವ ಶಕ್ತಿ, FWD) ಇಟ್ಟು, ಮೈಕ್ ಗುಂಡಿ ಒತ್ತಿ, ಮೀಟರಿನ ತಿರುಪು ತಿರುಗಿಸಿ ಮುಳ್ಳನ್ನು ಗೆರೆಗೆ ತನ್ನಿ. ಆಮೇಲೆ ವಾಪಸ್ ಶಕ್ತಿಗೆ (REF) ತಿರುಗಿಸಿ ಓದಿ. 1ರಲ್ಲಿ ಜಾಸ್ತಿ, 27ರಲ್ಲಿ ಕಡಿಮೆ ಬಂದರೆ ಆಂಟೆನಾ ಗಿಡ್ಡ ಇದೆ, ಉದ್ದ ಮಾಡಿ. 1ರಲ್ಲಿ ಕಡಿಮೆ, 27ರಲ್ಲಿ ಜಾಸ್ತಿ ಬಂದರೆ ಉದ್ದ ಇದೆ, ಗಿಡ್ಡ ಮಾಡಿ. ಎರಡು ತುದಿ ಸಮ, 14ರಲ್ಲಿ ಎಲ್ಲಕ್ಕಿಂತ ಕಡಿಮೆ ಬಂದರೆ ಕೆಲಸ ಮುಗಿಯಿತು. ಮೂರೂ ಕಡೆ 3 ದಾಟಿದರೆ ಅದು ಉದ್ದದ ದೋಷ ಆಗಿರುವುದು ಅಪರೂಪ. ಮತ್ತೆ ಅರ್ತಿಂಗ್‌ಗೆ ಹೋಗಿ.

ತುದಿಯಲ್ಲಿ ತಿರುಪು ಇರುವ ಆಂಟೆನಾ ಕೊಂಡರೆ ತುಂಬಾ ಉಪಕಾರ. ತಿರುಪು ತಿರುಗಿಸಿ, ಅಳೆದು, ಮತ್ತೆ ತಿರುಗಿಸಬಹುದು. ಬರೀ ಕಡ್ಡಿ ಆದರೆ ಬುಡದ ಅಲ್ಲನ್ ಸ್ಕ್ರೂ ಸಡಿಲಿಸಿ ಮೇಲೆ ಕೆಳಗೆ ಸರಿಸಿ ನೋಡಿ. ಆ ದಾರಿಯೂ ಮುಗಿದ ಮೇಲೆಯೇ ಕತ್ತರಿಸುವುದು, ಅದೂ ಒಮ್ಮೆಗೆ ಮೂರು ನಾಲ್ಕು ಮಿಲಿಮೀಟರ್ ಮಾತ್ರ. ಹೊಂದಿಸಿದ ಮೇಲೆ ಸ್ಟೆಪ್ನಿ ಜಾಗ ಬದಲಿಸಿದರೆ, ಹೊಸ ಕ್ಯಾರಿಯರ್ ಹಾಕಿದರೆ, ಸಾಫ್ಟ್ ಟಾಪ್ ತೆಗೆದು ಲೋಹದ ಟಾಪ್ ಹಾಕಿದರೆ ಮತ್ತೆ ಅಳೆಯಬೇಕು. ಬಾಡಿ ಬದಲಾದರೆ ಆಂಟೆನಾದ ಅರ್ಧ ಬದಲಾದ ಹಾಗೇ.

ನಡುನಡುವೆ ಕಡಿಯುವುದು, ಕುಯ್ ಎನ್ನುವುದು

ಗುಂಡಿ ಬಿದ್ದ ರಸ್ತೆಯಲ್ಲಿ ಮಾತ್ರ ಮಾತು ಕಡಿದರೆ ಒಬ್ಬರು ಮೀಟರ್ ನೋಡುತ್ತಿರಲಿ, ಇನ್ನೊಬ್ಬರು ಒಣ ಕೋಲಿನಿಂದ ಬುಡ, ಸ್ಪ್ರಿಂಗ್, ಕೇಬಲ್, ಪ್ಲಗ್ ಒಂದೊಂದನ್ನೇ ಅಲುಗಿಸಲಿ. ಮುಳ್ಳು ಎಲ್ಲಿ ಹಾರುತ್ತದೋ ಅಲ್ಲಿ ದೋಷ. ಬುಡದ ಸ್ಪ್ರಿಂಗ್ ಒಳಗೆ ಒಂದು ಹೆಣೆದ ತಂತಿ ಇರುತ್ತದೆ. ಬೇವಿನ ಕೊಂಬೆಗಳಿಗೆ ಬಡಿಸಿಕೊಂಡು ಓಡಾಡುವ ಗಾಡಿಗಳಲ್ಲಿ ಅದೇ ಕಡಿದಿರಬಹುದು.

ಇಂಜಿನ್ ವೇಗದ ಜೊತೆ ಏರಿಳಿಯುವ ಕುಯ್ ಸದ್ದು ಆಲ್ಟರ್ನೇಟರ್‌ನದು. ಸೆಟ್ಟಿನ ಪವರ್ ವಯರನ್ನು ನೇರ ಬ್ಯಾಟರಿಯಿಂದ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿ ತನ್ನಿ. ಇಂಜಿನ್ ವೇಗಕ್ಕೆ ಬದಲಾಗದ ಚರಚರ ಸದ್ದಿದ್ದರೆ ಮೊದಲು ಮೊಬೈಲ್ ಚಾರ್ಜರ್ ಕೀಳಿ, ಆಮೇಲೆ ಡ್ಯಾಶ್‌ಕ್ಯಾಮ್, ಆಮೇಲೆ ಎಲ್‌ಇಡಿ ಬಾರ್ ಲೈಟ್. ಅಗ್ಗದ ಚಾರ್ಜರ್ ಒಂದೇ ಸಾಕು, ಇಡೀ ಬ್ಯಾಂಡ್ ಮುಚ್ಚಿಬಿಡಲು.

ಎತ್ತರದ ಬಗ್ಗೆ ದಯವಿಟ್ಟು ಉದಾಸೀನ ಬೇಡ. ನೆಲದಿಂದ ಆಂಟೆನಾ ತುದಿಯವರೆಗೆ ಟೇಪ್ ಹಿಡಿದು ಅಳೆದು, ಆ ಅಳತೆಯನ್ನು ಸ್ಟೇರಿಂಗ್ ಹತ್ತಿರ ಬರೆದಿಡಿ. ಹೊಲಗಳಲ್ಲಿ ಪಂಪ್‌ಸೆಟ್ಟಿನ ತಂತಿಗಳು ಜೋತುಬಿದ್ದಿರುತ್ತವೆ. ಅಂಥ ಕಡೆ ಗಾಡಿ ನಿಲ್ಲಿಸಿ, ದೂರದಲ್ಲೇ ಆಂಟೆನಾ ಬಿಚ್ಚಿ ಅಥವಾ ಬಾಗಿಸಿ ಕಟ್ಟಿ, ಆಮೇಲೆ ದಾಟಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಕಂಡರೆ ಅಳೆಯುವ ಕೆಲಸ ಅಲ್ಲಿಗೇ ಬಿಡಿ. ಬಯಲಲ್ಲಿ ಎದ್ದುನಿಂತ ಕಡ್ಡಿಯ ಪಕ್ಕ ನಿಲ್ಲುವ ಹೊತ್ತಲ್ಲ ಅದು.

ಸೆಟ್ಟೇ ಕೆಟ್ಟಿದೆ ಎಂದು ಯಾವಾಗ ಹೇಳಬಹುದು? ಡಮ್ಮಿ ಲೋಡ್ ಹಾಕಿದಾಗಲೂ ಮೀಟರಿನ ಮುಂದಿನ ಶಕ್ತಿಯ ಮುಳ್ಳು ಏಳದಿದ್ದರೆ. ಆಗಲೂ ಮೊದಲು ಗುಂಡಿ ಒತ್ತಿ ಹಿಡಿದು ಸೆಟ್ ಹಿಂದಿನ ಪವರ್ ವಯರ್‌ನಲ್ಲಿ ವೋಲ್ಟ್ ಅಳೆಯಿರಿ. ಇಂಜಿನ್ ಓಡುವಾಗ 13.5ರ ಮೇಲೆ ಇರಬೇಕು. ಒತ್ತಿದ ಕೂಡಲೇ 11ಕ್ಕೆ ಕುಸಿದರೆ ವಯರ್ ತೆಳುವಾಗಿದೆ ಅಥವಾ ಫ್ಯೂಸ್ ಹಿಡಿಕೆ ತುಕ್ಕು ಹಿಡಿದಿದೆ. ವೋಲ್ಟ್ ಸರಿಯಿದ್ದರೆ ಇನ್ನೊಬ್ಬರ ಮೈಕ್ ಹಾಕಿ ನೋಡಿ. ಪಿನ್ ಜೋಡಣೆ ಒಂದೇ ಇರುವ ಮೈಕ್ ಆಗಿರಬೇಕು ಅಷ್ಟೇ. ಆಗಲೂ ಮುಳ್ಳು ಏಳದಿದ್ದರೆ ಸೆಟ್ ಬಿಚ್ಚಿ ರಿಪೇರಿಗೆ ಕೊಡಿ. ಕೊಡುವಾಗ ಡಮ್ಮಿ ಲೋಡಿನ ಓದು, ಒತ್ತಿದಾಗಿನ ವೋಲ್ಟ್, ಮೈಕ್ ಬದಲಿಸಿದ್ದು, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಸೆಟ್ಟಿಗೆ ಅಂಟಿಸಿ. ರಿಪೇರಿಯವರು ನೇರವಾಗಿ ಕೊನೆಯ ಟ್ರಾನ್ಸಿಸ್ಟರ್‌ಗೆ ಕೈ ಹಾಕುತ್ತಾರೆ.